ಟಿಕೆಟ್ಟಿಲ್ಲದ ಜಾತ್ರೆ

ಪತ್ರ: ಮಗಳ ಮನೆಗೆಂದು ಅಮೆರಿಕದ ಮಿಲ್ವಾಕೀಗೆ ಹೋಗಿದ್ದೆ. ಅಲ್ಲಿ ಜುಲೈಯಲ್ಲಿ ನಾಲ್ಕು ದಿನ ‘ಬ್ಯಾಸ್ಟಿಲ್ ಡೇಸ್’ ಎಂಬ ಬೀದಿಹಬ್ಬ. ಒಳಗೆ ಹೋಗಲು ಯಾರೂ ದುಡ್ಡು ಕೇಳಲಿಲ್ಲ. ಮೂವತ್ತು ವರ್ಷ ಫ್ರೆಂಚ್ ಕ್ರಾಂತಿಯ ಪಾಠ ಮಾಡಿದವನು ನಾನು. ನಲವತ್ತಮೂರು ಅಡಿಯ ಆಟಿಕೆ ಐಫೆಲ್ ಗೋಪುರ, ಸಕ್ಕರೆ ಉದುರಿಸಿದ ಕರಿದ ತಿಂಡಿ, ಬಿಯರು, ಅಕಾರ್ಡಿಯನ್. ಫ್ರೆಂಚ್ ಮಾತಾಡುವವರು ಒಬ್ಬರೂ ನನಗೆ ಸಿಗಲಿಲ್ಲ. ಇತಿಹಾಸವನ್ನು ಹೀಗೆ ಜಾತ್ರೆ ಮಾಡಬಹುದೇ? — ನಿವೃತ್ತ ಇತಿಹಾಸ ಶಿಕ್ಷಕ, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಕ್ರಾಂತಿ ಭುಗಿಲೆದ್ದ 1789ರ ಜುಲೈ 14ರಂದು, ಪ್ಯಾರಿಸ್ಸಿನ ಜನ ಸೆರೆಮನೆಯಾಗಿದ್ದ ಬ್ಯಾಸ್ಟಿಲ್ ಕೋಟೆಗೆ ನುಗ್ಗಿದಾಗ, ಅದರ ಮುಂದೆ ಸುಮಾರು ನೂರು ಜನ ಪ್ರಾಣ ಬಿಟ್ಟರು. ಕೋಟೆಯ ಅಧಿಕಾರಿಯ ತಲೆಯನ್ನು ಕಡಿದು ಊರೆಲ್ಲ ಮೆರೆಸಿದರು. ಇದು ಗೊತ್ತಿಲ್ಲದೆ ಬ್ಯಾಸ್ಟಿಲ್ ಎಂಬ ಹೆಸರನ್ನು ಬಾಯಲ್ಲಿ ಆಡುವವರನ್ನು ಕಂಡರೆ ಪಾಠ ಹೇಳಿದವರಿಗೆ ಹೊಟ್ಟೆ ಉರಿಯುವುದು ಸಹಜ. ಇಷ್ಟನ್ನು ಒಪ್ಪುತ್ತೇನೆ.

ಆದರೆ ‘ಜಾತ್ರೆ ಮಾಡಬಹುದೇ’ ಎಂದು ಕೇಳಿದಿರಲ್ಲ, ಅಲ್ಲಿ ನಿಮ್ಮ ಜೊತೆ ಜಗಳವಿದೆ. ಮಾಡಿದವರು ಮಿಲ್ವಾಕೀಯವರಲ್ಲ, ಪ್ಯಾರಿಸ್ಸಿನವರೇ. ಕೋಟೆ ಬಿದ್ದು ಒಂದು ವರ್ಷ ತುಂಬಿದ ದಿನ, 1790ರ ಜುಲೈ 14ಕ್ಕೆ, ಷಾಂ ದ ಮಾರ್ಸ್ ಮೈದಾನದಲ್ಲಿ ಮಹಾ ಉತ್ಸವವಾಯಿತು. ಮೈದಾನ ಸಜ್ಜು ಮಾಡಲು ಕೂಲಿಗಳು ಸಾಲದೆ ಊರಿನ ಜನವೇ ಸನಿಕೆ, ತಳ್ಳುಗಾಡಿ ಹಿಡಿದು ಮಣ್ಣು ಹೊತ್ತರು. ದೊಡ್ಡ ಮನೆಯವರು, ಸನ್ಯಾಸಿಗಳು, ಮೀನು ಮಾರುವ ಹೆಂಗಸರು ಎಲ್ಲ ಒಟ್ಟಿಗೆ. ಆ ದಿನ ಮಳೆ ಸುರಿಯಿತು, ಜನ ಕದಲಲಿಲ್ಲ. ಇತ್ತ ಬ್ಯಾಸ್ಟಿಲ್ ಇದ್ದ ಜಾಗದಲ್ಲಿ ದೀಪ ಕಟ್ಟಿ ‘ಇಲ್ಲಿ ಕುಣಿಯುತ್ತಾರೆ’ ಎಂದು ಬೋರ್ಡು ಹಾಕಿದರು. ಸೆರೆಮನೆಯ ಬುಡದಲ್ಲಿ ಕುಣಿತ! ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಪಾಲುವಾ ಎಂಬ ಗುತ್ತಿಗೆದಾರ ಅದೇ ಕೋಟೆಯ ಕಲ್ಲಲ್ಲಿ ಪುಟ್ಟ ಪುಟ್ಟ ಬ್ಯಾಸ್ಟಿಲ್‌ಗಳನ್ನು ಕೆತ್ತಿಸಿ ಫ್ರಾನ್ಸಿನ 83 ಪ್ರಾಂತ್ಯಗಳಿಗೂ ಕಳಿಸಿದ. ಆಟಿಕೆ ಮಾಡುವುದು ಅಂದೇ ಶುರುವಾಗಿತ್ತು ಮೇಷ್ಟ್ರೇ.

ಐಫೆಲ್ ಗೋಪುರದ ಮಾತಿಗೆ ಬರೋಣ. ಅಸಲಿ ಗೋಪುರ ಎದ್ದದ್ದೂ ಒಂದು ಮೇಳಕ್ಕಾಗಿಯೇ. ಕ್ರಾಂತಿಯ ನೂರನೇ ವರ್ಷದ ವಸ್ತುಪ್ರದರ್ಶನಕ್ಕೆಂದು 1889ರಲ್ಲಿ, ಅದೇ ಷಾಂ ದ ಮಾರ್ಸ್‌ನಲ್ಲಿ ನಿಲ್ಲಿಸಿದರು. ಇಪ್ಪತ್ತು ವರ್ಷ ಇಟ್ಟು ಬಿಚ್ಚಬೇಕೆಂಬ ಕರಾರಿತ್ತು. ಪ್ಯಾರಿಸ್ಸಿನ ಹೆಸರಾಂತ ಕಲಾವಿದರು, ಬರಹಗಾರರು ‘ಊರಿನ ಅಂದ ಕೆಟ್ಟಿತು’ ಎಂದು ಪತ್ರಿಕೆಗೆ ಬರೆದರು. ಕೊನೆಗೆ ರೇಡಿಯೋ ಕಂಬವಾಗಿ ಉಪಯೋಗಕ್ಕೆ ಬಂದದ್ದರಿಂದ ಉಳಿಯಿತು. ಮೇಳಕ್ಕೆ ಕಟ್ಟಿದ ಗೋಪುರದ ಮರಿಯನ್ನು ಇನ್ನೊಂದು ಮೇಳದಲ್ಲಿ ನಿಲ್ಲಿಸಿದರೆ ಅದರಲ್ಲಿ ಯಾವ ಅಪಚಾರವೂ ನನಗೆ ಕಾಣುವುದಿಲ್ಲ.

ಆ ಊರಿಗೆ ಫ್ರೆಂಚ್ ನಂಟಿಲ್ಲ ಎಂದೂ ಹೇಳುವಂತಿಲ್ಲ. ಜರ್ಮನ್ನರು ಬಂದು ತುಂಬಿಕೊಳ್ಳುವ ಮೊದಲು ಅಲ್ಲಿ ತುಪ್ಪಳದ ವ್ಯಾಪಾರಕ್ಕೆ ನೆಲೆ ಹೂಡಿದ್ದವನು ಕೆನಡಾದ ಫ್ರೆಂಚ್ ಮನೆತನದ ಸಾಲೋಮನ್ ಜ್ಯೂನೋ. 1846ರಲ್ಲಿ ಮಿಲ್ವಾಕೀ ನಗರವಾದಾಗ ಅವನೇ ಮೊದಲ ಮೇಯರ್.

ಇಷ್ಟೆಲ್ಲ ಹೇಳಿದೆ, ಆದರೆ ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಾಲು. ‘ಒಳಗೆ ಹೋಗಲು ಯಾರೂ ದುಡ್ಡು ಕೇಳಲಿಲ್ಲ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ಅದೇ ಊರಿನ ಸರೋವರದ ದಂಡೆಯಲ್ಲಿ ಬೇಸಿಗೆಯ ದೊಡ್ಡ ಉತ್ಸವಗಳಿಗೆಂದೇ ಮೈದಾನವಿದೆ. ಅಲ್ಲಿ ಬೇಲಿ, ಗೇಟು, ಟಿಕೆಟ್. ಈ ಬ್ಯಾಸ್ಟಿಲ್ ಹಬ್ಬ ಮಾತ್ರ 1982ರಿಂದ ಊರ ನಡುವೆ, ಕೆಥೆಡ್ರಲ್ ಸ್ಕ್ವೇರ್ ಉದ್ಯಾನದಲ್ಲೂ ಸುತ್ತಲಿನ ಬೀದಿಗಳಲ್ಲೂ ನಡೆಯುತ್ತಿದೆ. ಆಫೀಸು ಬಿಟ್ಟವನು, ಬಸ್ಸಿಳಿದವಳು, ಜೇಬಲ್ಲಿ ಕಾಸಿಲ್ಲದ ಹುಡುಗ, ಯಾರು ಬೇಕಾದರೂ ಹಾಡು ಕೇಳುತ್ತ ನಿಲ್ಲಬಹುದು. ಅದೇ 1982ರ ಜೂನ್ 21ರಂದು ಫ್ರಾನ್ಸಿನಲ್ಲಿ ‘ಸಂಗೀತದ ಹಬ್ಬ’ ಶುರುವಾಯಿತು. ಬಾರಿಸಲು ಬರುವವರೆಲ್ಲ ಬೀದಿಗೆ ಬನ್ನಿ, ಕೇಳುವವರು ದುಡ್ಡು ಕೊಡಬೇಕಿಲ್ಲ ಎಂಬುದೇ ಅದರ ನೇಮ.

ಕಳೆದ ಚಳಿಗಾಲದಲ್ಲಿ ನಮ್ಮ ಬಡಾವಣೆಯ ಮೈದಾನದಲ್ಲಿ ‘ಹಳ್ಳಿ ಜಾತ್ರೆ’ ಎಂಬ ಮೇಳ ನಡೆಯಿತು. ತಗಡಿನ ಗೋಡೆ, ತಲೆಗೆ ಮುನ್ನೂರು ರೂಪಾಯಿ, ಕೈಗೆ ಪಟ್ಟಿ. ವರ್ಷವಿಡೀ ಆ ಮೈದಾನದ ಮೂಲೆಯಲ್ಲಿ ಎಳನೀರು ಮಾರುತ್ತಿದ್ದವರನ್ನು ಆ ಮೂರು ದಿನ ಗಾಡಿ ಸಮೇತ ಎಬ್ಬಿಸಿದ್ದರು. ಒಳಗೆ ಅದೇ ಎಳನೀರಿಗೆ ಎರಡು ಪಟ್ಟು ದರ. ನಾನು ಗೇಟಿನಿಂದಲೇ ವಾಪಸು ಬಂದೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮಗೆ ಬೀದಿಯ ಹಬ್ಬ ಗೊತ್ತಿಲ್ಲವೇ? ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಯಾವ ಗೇಟಿದೆ? ಧರ್ಮರಾಯನ ಗುಡಿಯಿಂದ ಹೊರಟ ಕರಗ ರಾತ್ರಿಯಿಡೀ ಪೇಟೆ ಬೀದಿಗಳನ್ನು ಸುತ್ತಿ, ಮಸ್ತಾನ್ ಸಾಬರ ದರ್ಗಾದಲ್ಲೂ ನಿಂತು ಮುಂದೆ ಹೋಗುತ್ತದೆ. ಅದನ್ನು ಒಂದು ಸಭಾಂಗಣದೊಳಗೆ ಊಹಿಸಿಕೊಳ್ಳಿ! 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ನಡೆಯುವವರಿಗೇ ಬಿಟ್ಟಿದ್ದರು. ಮುದುಕರು, ಮಕ್ಕಳು ರಸ್ತೆಯ ನಟ್ಟನಡುವೆ ಹೆದರದೆ ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಮತ್ತೆ ಗಾಡಿಗಳು ಬಂದವು. ಸಾಹೇಬರ ಕಾರು ಹೋಗಬೇಕೆಂದರೆ ಗಳಿಗೆಯಲ್ಲಿ ರಸ್ತೆ ತೆರವಾಗುತ್ತದೆ, ಜನ ಹಾಡಬೇಕೆಂದರೆ ಹತ್ತು ಕಡೆ ಅರ್ಜಿ ಹಿಡಿದು ಅಲೆಯಬೇಕು.

ನಮ್ಮ ರಾಜ್ಯೋತ್ಸವವೂ ಹೀಗೇ ಒಳಮನೆ ಸೇರುತ್ತಿದೆ. ಪುದುಚೇರಿಯಲ್ಲಿ ಇಂದಿಗೂ ಬ್ಯಾಸ್ಟಿಲ್ ದಿನದ ಮುನ್ನಾದಿನ, ಜುಲೈ 13ರ ರಾತ್ರಿ, ಫ್ರೆಂಚ್ ಸೈನ್ಯದಲ್ಲಿ ದುಡಿದವರ ಮನೆಯವರು ಲಾಂದ್ರ ಹಿಡಿದು ಬೀದಿಯಲ್ಲಿ ಸಾಗುತ್ತಾರೆ. ಆ ಊರು ಫ್ರೆಂಚರ ಕೈಯಿಂದ ಭಾರತದ ಆಡಳಿತಕ್ಕೆ ಬಂದದ್ದು 1954ರ ನವೆಂಬರ್ 1ರಂದು. ಎರಡು ವರ್ಷ ಕಳೆದು ಅದೇ ದಿನಾಂಕಕ್ಕೆ ನಾವು ಒಂದು ರಾಜ್ಯವಾದೆವು. ಪುದುಚೇರಿಯವರು, ಬಿಟ್ಟುಹೋದ ದೊರೆಗಳ ಹಬ್ಬವನ್ನೂ ಬೀದಿಯಲ್ಲಿ ಉಳಿಸಿಕೊಂಡಿದ್ದಾರೆ. ನಮ್ಮ ಬಡಾವಣೆಯ ಸಂಘದಲ್ಲಿ ಈ ಸಲ ನಮ್ಮದೇ ಹಬ್ಬಕ್ಕೆ ಆಹ್ವಾನ ಪತ್ರಿಕೆ ಇದ್ದವರಿಗೆ ಮಾತ್ರ ಪ್ರವೇಶವಂತೆ.

ಕೊನೆಗೊಂದು ಕೋರಿಕೆ. ಗುರುವಾರ ರಾತ್ರಿ ‘ಬ್ಯಾಸ್ಟಿಲ್‌ಗೆ ನುಗ್ಗಿ’ ಎಂಬ ಐದು ಕಿಲೋಮೀಟರ್ ಓಟದಲ್ಲಿ ಮೊಮ್ಮಗಳು ಓಡಿದಳೆಂದೂ, ಅವಳ ಚೀಲ ಹಿಡಿದು ನೀವು ಕಾಯುತ್ತ ನಿಂತಿದ್ದಿರೆಂದೂ ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಓಡಿ ಬಂದವಳು ತಾತನನ್ನು ಏನು ಕೇಳಿದಳು, ಆ ರಾತ್ರಿ ಬೀದಿಯಲ್ಲಿ ನಿಂತು ನೀವು ಅವಳಿಗೆ ಬ್ಯಾಸ್ಟಿಲ್ ಕಥೆ ಹೇಳಿದಿರೋ ಇಲ್ಲವೋ, ಅದನ್ನು ಎರಡು ಪುಟ ಬರೆದು ಕಳಿಸಿ. ಜಾಗ ಕಾದಿರಿಸಿದ್ದೇನೆ.