ಜರ್ಮನಿಯ ಪ್ರೊಫೆಸರ್‌ಗೆ ಮೇಲ್ ಬರೆಯುವ ಮುಂಚೆ

ಐಐಟಿ ಮದ್ರಾಸ್‌ನಲ್ಲಿ ಎಂ.ಟೆಕ್ ಮಾಡ್ತಿದ್ದೀರಿ, ಥೀಸಿಸ್ ಕೆಲಸಕ್ಕೆ ಜರ್ಮನಿಗೆ ಹೋಗಬೇಕು, ಆದರೆ ಪ್ರೊಫೆಸರ್‌ಗಳು ಉತ್ತರವೇ ಕೊಡುತ್ತಿಲ್ಲ ಅಂದಿದ್ದೀರಿ. ಒಂದೇ ಮೇಲ್ ಎಲ್ಲರಿಗೂ ಕಳಿಸಬೇಡಿ, ಸುಮ್ನೆ ವ್ಯರ್ಥ. ಆಖನ್ ಇರಲಿ, ಡ್ರೆಸ್ಡೆನ್ ಇರಲಿ, ಯಾವುದಾದರೂ ಜರ್ಮನ್ ನಗರದ ಯೂನಿವರ್ಸಿಟಿಯಲ್ಲಿ ಒಂದು ಲ್ಯಾಬ್ ಆರಿಸಿ. ಅವರ ಇತ್ತೀಚಿನ ಪೇಪರ್ ಒಂದನ್ನು ಪೂರ್ತಿ ಓದಿ. ಅದರಲ್ಲಿ ಯಾವ ಭಾಗವನ್ನು ನೀವು ಮುಂದುವರಿಸಬಲ್ಲಿರಿ ಅಂತ ನಾಲ್ಕೇ ಸಾಲು ಬರೆಯಿರಿ. ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಬರೆಯಿರಿ. ದಿನವೂ ನಿಮ್ಮ ಜೊತೆ ಕೆಲಸ ಮಾಡುವವರು ಅವರೇ ಅಲ್ವಾ? ನಿಮ್ಮ ಗೈಡ್‌ಗೆ ಅಲ್ಲಿ ಪರಿಚಯವಿದ್ದರೆ ಅವರಿಂದಲೇ ಬರೆಸುವುದು ಇನ್ನೂ ಒಳ್ಳೆಯದು.

ಸ್ಕಾಲರ್‌ಶಿಪ್‌ಗೆ ಡಿಎಎಡಿ (ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ಜರ್ಮನ್ ಸಂಸ್ಥೆ) ವೆಬ್‌ಸೈಟ್ ನೋಡಿ. 90 ದಿನಕ್ಕಿಂತ ಜಾಸ್ತಿ ಇರುವುದಾದರೆ ಷೆಂಗೆನ್ ವೀಸಾ (ಯುರೋಪಿನ ಅಲ್ಪಾವಧಿ ವೀಸಾ) ಸಾಲದು, ಜರ್ಮನಿಯ ನ್ಯಾಷನಲ್ ವೀಸಾ (ದೀರ್ಘಾವಧಿಯದು) ಬೇಕು. ರೂಮನ್ನು ಈಗಲೇ ಹುಡುಕಿ. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಕೇಳುತ್ತಾರೆ.