ಬಿಸಿಲೂರಿನ ಅಡುಗೆಮನೆ: ಮಜ್ಜಿಗೆ ಇಲ್ಲದ ಬೇಸಿಗೆ

ಪ್ರಶ್ನೆ: ಅಕ್ಕಾ, ಬೆಂಗಳೂರಲ್ಲಿ ಓದುವ ಮಗಳು ರಜೆಗೆ ಬಂದಿದ್ದಾಳೆ. ಈಗ ವೀಗನ್ ಅಂತೆ. ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಈ ಬಿಸಿಲಲ್ಲಿ ಮಜ್ಜಿಗೆ ಇಲ್ಲದೆ ಹೇಗೆ? ಮೊಬೈಲ್ ನೋಡಿ ಶೇಂಗಾ ಹಾಲಿಗೆ ಹೆಪ್ಪು ಹಾಕಿ ರಾತ್ರಿಯೆಲ್ಲಾ ಇಟ್ಟೆ. ಬೆಳಗ್ಗೆ ನೋಡಿದರೆ ನೀರು ಬೇರೆ, ಗಟ್ಟಿ ಬೇರೆ, ಬಾಯಿಗಿಡಲಾರದಷ್ಟು ಹುಳಿ. ಅತ್ತೆಯವರು ಬೇರೆ ದಿನಾ ಗೊಣಗುತ್ತಾರೆ.
– ಓದುಗರೊಬ್ಬರು, ಸಿಂಧನೂರು

ಉತ್ತರ: ತಂಗೀ, ತಪ್ಪು ನಿಮ್ಮ ಕೈಯದಲ್ಲ, ಹೊತ್ತಿನದು. ರಾತ್ರಿಯೆಲ್ಲಾ ಇಡಿ ಅನ್ನುವುದು ತಂಪು ಊರಿನ ಲೆಕ್ಕ. ನಮ್ಮ ರಾಯಚೂರು ಕಡೆ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೂ ಬಿಸಿ. ಮೊಸರು ಹೆಪ್ಪಾಗುವುದಕ್ಕೆ ಹದವಾದ ಶಾಖವೂ ಇದೇ. ಹಾಗಾಗಿ ಇಲ್ಲಿ ನಾಲ್ಕೈದು ಗಂಟೆ ಸಾಕು, ಆಮೇಲೆ ಬರೀ ಹುಳಿ ಏರುತ್ತದೆ.

ಹೋದ ಬೇಸಿಗೆಯಲ್ಲಿ ತಮ್ಮನ ಮಗನಿಗಾಗಿ ನಾನೂ ಇದನ್ನು ಕಲಿತೆ. ಮೊದಲ ಸಲ ಶೇಂಗಾ ನೆನೆಹಾಕಿ ಕಟ್ಟೆಯ ಮೇಲಿಟ್ಟು ಮಲಗಿಬಿಟ್ಟೆ. ಬೆಳಗ್ಗೆ ನೀರಿನ ಮೇಲೆ ನೊರೆ, ಕಾಳು ಜಿಗಿಜಿಗಿ, ಹಳಸಿದ ವಾಸನೆ. ಒಂದು ಬಟ್ಟಲು ಶೇಂಗಾ ಚೆಲ್ಲುವಾಗ ಹೊಟ್ಟೆ ಉರಿಯಿತು. ಆಮೇಲೆ ಎಲ್ಲವನ್ನೂ ಬೆಳಗಿನ ಹೊತ್ತಿಗೆ ತಂದುಕೊಂಡೆ.

ರಾತ್ರಿ ಒಂದು ಬಟ್ಟಲು ಹಸಿ ಶೇಂಗಾ ಆರಿಸಿ, ತೊಳೆದು, ನೀರು ಹಾಕಿ ಫ್ರಿಜ್‌ನಲ್ಲಿ ಇಡಿ. ಆರಿಸುವಾಗ ಕಪ್ಪಾದ, ಬೂಸ್ಟು ಹಿಡಿದ ಕಾಳು ಒಂದೂ ಉಳಿಯಬಾರದು. ಬೂಸ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಸಿಪ್ಪೆ ಉಜ್ಜಿ ತೆಗೆದು, ಮೂರು ಬಟ್ಟಲು ನೀರಿನಲ್ಲಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕೈ ಬಿಡದೆ ತಿರುವಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋದರೆ ಆಯಿತು. ಬೆರಳು ಅದ್ದಿದರೆ ಹಿತವಾದ ಬಿಸಿ ಅನ್ನಿಸುವ ಹೊತ್ತಿಗೆ ಎಂಟು-ಹತ್ತು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ತೊಟ್ಟಿನಲ್ಲೇ ಹೆಪ್ಪಾಗಿಸುವ ಬ್ಯಾಕ್ಟೀರಿಯಾ ಇರುತ್ತದೆ. ಮೊದಲ ಸಲ ತೆಳ್ಳಗೆ ಬರುತ್ತದೆ, ಬೇಜಾರಾಗಬೇಡಿ. ಅದರದೇ ಒಂದು ಚಮಚ ಮರುದಿನದ ಹಾಲಿಗೆ ಹಾಕಿದರೆ ಚೆನ್ನಾಗಿ ಕೂರುತ್ತದೆ.

ಏಳಕ್ಕೆ ಹೆಪ್ಪು ಹಾಕಿದರೆ ಹತ್ತೂವರೆಯಿಂದಲೇ ಮೂಸಿ ನೋಡುತ್ತಿರಿ. ಗಡಿಯಾರಕ್ಕಿಂತ ಮೂಗು ನಂಬಿ. ಕೂತ ಕೂಡಲೇ ಫ್ರಿಜ್‌ಗೆ ಸೇರಿಸಿ. ಊಟದ ಹೊತ್ತಿಗೆ ನೀರು ಸೇರಿಸಿ ಕಡೆದು, ಉಪ್ಪು, ಜೀರಿಗೆ, ಕರಿಬೇವು ಹಾಕಿ ಕೊಡಿ. ಶೇಂಗಾ ವಾಸನೆ ಸ್ವಲ್ಪ ಇದ್ದೇ ಇರುತ್ತದೆ. ನನಗೆ ಅದು ಇಷ್ಟವೇ. ಇದನ್ನು ಒಲೆ ಮೇಲಿಟ್ಟು ಕುದಿಸಬೇಡಿ, ಒಡೆಯುತ್ತದೆ.

ಆದರೆ ದಿನಾ ಇಷ್ಟು ಕೆಲಸ ಯಾಕೆ? ನಿಮ್ಮ ಅತ್ತೆಯವರಿಗೆ ಹುಳಿ ಅಂಬಲಿ ಗೊತ್ತಿರುತ್ತದೆ, ಕೇಳಿ ನೋಡಿ. ಎರಡು ಚಮಚ ಜೋಳದ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಮೂರು ಲೋಟ ನೀರು ಕುದಿಸಿ ಇದನ್ನು ಸುರಿದು, ಗಂಟಾಗದಂತೆ ತಿರುವಿ ಬೇಯಿಸಿ, ಆರಿಸಿ. ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಉಪ್ಪು. ಮಜ್ಜಿಗೆ ಹಾಕದೆಯೇ ಹುಳಿ ಇದೆ, ತಂಪೂ ಇದೆ. ಮೊಮ್ಮಗಳಿಗೆ ಕಲಿಸು ಅಂತ ಕೇಳಿದರೆ ಅವರ ಗೊಣಗಾಟ ಕಡಿಮೆಯಾಗಬಹುದು ಅಂತ ನನ್ನ ಆಸೆ. ಪಾಪ, ಅವರಿಗೂ ಮೊಮ್ಮಗಳು ಬಡವಾಗುತ್ತಾಳೇನೋ ಅನ್ನುವ ಭಯ ತಾನೇ?

ಉಳಿದ ಊಟಕ್ಕೆ ಚಿಂತೆ ಬೇಡ. ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಂಡಕ್ಕಿ ಒಗ್ಗರಣೆ, ಇವುಗಳಲ್ಲಿ ಹಾಲು ಎಲ್ಲಿದೆ? ಒಂದು ಮಾತ್ರ ಮರೆಯಬೇಡಿ. ವಿಟಮಿನ್ ಬಿ12 ಕಾಳು-ಸೊಪ್ಪಿನಿಂದ ಸಿಗುವುದಿಲ್ಲ. ಡಾಕ್ಟರ್ ಕೇಳಿ ಮಾತ್ರೆ ಶುರು ಮಾಡಿಸಿ. ಕ್ಯಾಲ್ಸಿಯಂಗೆ ರಾಗಿ, ಎಳ್ಳು ಜಾಸ್ತಿ ಕೊಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಇರುತ್ತದೆ.

ಪ್ರಶ್ನೆ: ಹಾಲಿಲ್ಲದೆ ಪಾಯಸ ಆಗುತ್ತದೆಯೇ? ತೆಂಗಿನ ಹಾಲು ಹಾಕಿ ಕುದಿಸಿದರೆ ಒಡೆದ ಹಾಗೆ ಕಾಣುತ್ತದೆ.
– ಓದುಗರು, ಕೊಪ್ಪಳ

ಉತ್ತರ: ಮೊದಲು ಹೆಸರುಬೇಳೆ, ಬೆಲ್ಲ ಬೇಯಿಸಿ ಒಲೆ ಆರಿಸಿ. ಗಟ್ಟಿ ತೆಂಗಿನ ಹಾಲು ಕೊನೆಗೆ, ಕುದಿಸುವಂತಿಲ್ಲ. ಸುಲಭ ಬೇಕೆಂದರೆ ಗಸಗಸೆ ಪಾಯಸ ಮಾಡಿ. ಹುರಿದ ಗಸಗಸೆ, ನೆನೆದ ಅಕ್ಕಿ, ಕೊಬ್ಬರಿ ರುಬ್ಬಿ ಬೆಲ್ಲದ ನೀರಿನಲ್ಲಿ ಕುದಿಸಿದರೆ ಹಾಲು ಬೇಡವೇ ಬೇಡ. ಈ ಸೆಕೆಯಲ್ಲಿ ತೆಂಗಿನ ಪಾಯಸ ಸಂಜೆಗೆ ಉಳಿಯುವುದಿಲ್ಲ, ಮಧ್ಯಾಹ್ನವೇ ಖಾಲಿ ಮಾಡಿ.