ನ್ಯಾಷನಲ್ಲೋ, ಪ್ಯಾನಾಸೋನಿಕ್ಕೋ?

ಓದುಗರ ಪತ್ರ: ಅಪ್ಪ ದುಬೈನಿಂದ ತಂದ ಹಳೇ ಟೇಪ್ ರೆಕಾರ್ಡರ್ ಮೇಲೆ ‘ನ್ಯಾಷನಲ್ ಪ್ಯಾನಾಸೋನಿಕ್’ ಎಂದಿದೆ. ‘ಎರಡು ಕಂಪನಿ ಹೆಸರು ಸೇರಿಸಿದ್ದಾರೆ, ಡೂಪ್ಲಿಕೇಟ್ ಮಾಲು’ ಎಂದು ರಿಪೇರಿಯವರು ನಕ್ಕರು. ಹೌದೇ? – ಕುಂದಾಪುರದ ಓದುಗರು

ಸಂಪಾದಕರ ಉತ್ತರ: ಹೆಸರು ಜೋಡಿಯಾಗಿದೆ ಎಂಬ ಕಾರಣಕ್ಕೆ ಡೂಪ್ಲಿಕೇಟ್ ಎನ್ನಲಾಗದು. ಎರಡೂ ಒಂದೇ ಮನೆಯ ಹೆಸರು. ಹಿಂಬದಿಯ ಲೇಬಲ್‌ನಲ್ಲಿ ‘ಮತ್ಸುಶಿತಾ ಎಲೆಕ್ಟ್ರಿಕ್’ ಎಂದಿದೆಯೇ ನೋಡಿ. ಕಂಪನಿಯ ಅಸಲಿ ಹೆಸರು ಅದು.

ಕೊನೊಸುಕೆ ಮತ್ಸುಶಿತಾ ಒಂಬತ್ತನೇ ವಯಸ್ಸಿಗೇ ಶಾಲೆ ಬಿಟ್ಟು ಒಸಾಕಾದಲ್ಲಿ ಅಂಗಡಿ ಕೆಲಸಕ್ಕೆ ನಿಂತವರು. ಸೈಕಲ್ ಅಂಗಡಿಯಲ್ಲಿ ದುಡಿದರು, ಆಮೇಲೆ ವಿದ್ಯುತ್ ಕಂಪನಿ ಸೇರಿದರು. 1917ರಲ್ಲಿ ಅದನ್ನೂ ಬಿಟ್ಟು, ತಾವೇ ಯೋಚಿಸಿದ ಬಲ್ಬ್ ಸಾಕೆಟ್ ತಯಾರಿಸಿದರು. ಕೊಳ್ಳುವವರೇ ಇಲ್ಲ! ಫ್ಯಾನಿಗೆ ಬೇಕಾದ 1,000 ಇನ್ಸುಲೇಟರ್ ತಟ್ಟೆಗಳ ಆರ್ಡರ್ ಸಿಕ್ಕಿದ್ದರಿಂದ ಉಸಿರಾಡುವಂತಾಯಿತು. 1918ರಲ್ಲಿ ಹೆಂಡತಿ ಮುಮೆನೊ, ಭಾವಮೈದ ತೊಶಿಯೊ ಇಉಎ ಜೊತೆ ಕಂಪನಿ ಶುರುವಾಯಿತು.

ಆಗ ಜಪಾನಿನ ಎಷ್ಟೋ ಮನೆಗಳಲ್ಲಿ ಕರೆಂಟ್ ಸಿಗುತ್ತಿದ್ದುದು ಬಲ್ಬಿನ ಹೋಲ್ಡರಿನಲ್ಲಿ ಮಾತ್ರ. ಇಸ್ತ್ರಿ ಪೆಟ್ಟಿಗೆ ಹಾಕಬೇಕೆಂದರೆ ದೀಪ ಕಳಚಬೇಕು. ಮತ್ಸುಶಿತಾ ಎರಡು ಬಾಯಿಯ ಸಾಕೆಟ್ ಮಾಡಿಕೊಟ್ಟರು. ಒಂದಕ್ಕೆ ಬಲ್ಬು, ಇನ್ನೊಂದಕ್ಕೆ ಇಸ್ತ್ರಿ. ನಮ್ಮಲ್ಲೂ ಹೋಲ್ಡರಿನಿಂದಲೇ ವೈರ್ ಎಳೆದು ರೇಡಿಯೊ ಹಾಡಿಸಿದ ಮನೆಗಳಿದ್ದವಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು 1923ರ ಸೈಕಲ್ ದೀಪದ ಕಥೆ. ಬ್ಯಾಟರಿ ದೀಪ ಎಂದರೆ ಎರಡು ಮೂರು ತಾಸಿಗೆ ಮುಗೀತು ಎಂದೇ ಅಂಗಡಿಯವರ ಲೆಕ್ಕ. ಬಂದೂಕಿನ ಗುಂಡಿನಾಕಾರದ ಇವರ ದೀಪ 30–40 ಗಂಟೆ ಉರಿಯುತ್ತಿತ್ತು, ಆದರೆ ಯಾರೂ ನಂಬಲಿಲ್ಲ. ಸರಿ, ಇವರು ಅಂಗಡಿ ಅಂಗಡಿಗೆ ಸ್ಯಾಂಪಲ್ ಕೊಟ್ಟು, ಒಂದನ್ನು ಅಲ್ಲೇ ಉರಿಸಿ ಎದ್ದು ಬಂದರು. ಎಷ್ಟು ಹೊತ್ತು ಉರಿಯುತ್ತೆ, ನೀವೇ ನೋಡಿ ಎಂಬಂತೆ. ಆರ್ಡರುಗಳು ತಾವಾಗಿಯೇ ಬಂದವು.

‘ನ್ಯಾಷನಲ್’ ಹೆಸರು ಬಂದದ್ದು 1927ರಲ್ಲಿ, ಅದೂ ಇನ್ನೊಂದು ಸೈಕಲ್ ದೀಪದ ಮೇಲೆಯೇ. ಅಮೆರಿಕದಲ್ಲಿ ಮಾತ್ರ ಆ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು. ಹಾಗಾಗಿ, 1955ರಲ್ಲಿ ರಫ್ತಿನ ಸ್ಪೀಕರುಗಳಿಗೆ ಇಟ್ಟಿದ್ದ ‘ಪ್ಯಾನಾಸೋನಿಕ್’ ಅಲ್ಲಿ ಚಾಲ್ತಿಗೆ ಬಂತು. ಬೇರೆ ಕೆಲವು ದೇಶಗಳಿಗೆ ಎರಡನ್ನೂ ಜೋಡಿಸಿ ಕಳಿಸಿದರು. ನಿಮ್ಮ ಅಪ್ಪನ ಕೈಗೆ ಸಿಕ್ಕಿದ್ದು ಅಂಥದ್ದು. 2008ರಲ್ಲಿ ಕಂಪನಿಯೇ ಪ್ಯಾನಾಸೋನಿಕ್ ಎಂದು ಹೆಸರು ಬದಲಿಸಿಕೊಂಡಿತು.

ಆ ಭಾವಮೈದ ಇಉಎ ಯುದ್ಧದ ನಂತರ ಹೊರಬಂದು ಕಟ್ಟಿದ ಕಂಪನಿ ಸಾನ್ಯೊ. 2009ರ ಕೊನೆಗೆ ಅದೂ ಪ್ಯಾನಾಸೋನಿಕ್ ತೆಕ್ಕೆಗೇ ಬಂತು. ನಿಮ್ಮ ಮನೆಯ ಸ್ವಿಚ್ ಬೋರ್ಡ್ ಆಂಕರ್‌ನದಾದರೆ, 2007ರಿಂದ ಅದೂ ಇದೇ ಬಳಗ.

ಅಂದ ಹಾಗೆ, ಟೇಪ್ ಓಡದಿದ್ದರೆ ಗಾಬರಿ ಬೇಡ. ಒಳಗಿನ ರಬ್ಬರ್ ಬೆಲ್ಟ್ ಅಂಟಂಟಾಗಿರಬಹುದು, ಬದಲಿಸಿದರೆ ಸಾಕು. ಅದಕ್ಕೂ ಮುಂಚೆ ಹಿಂದಿನ ಮುಚ್ಚಳ ತೆಗೆದು ನೋಡಿ. ಹಳೇ ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟಿರಲೂಬಹುದು.